ರೈಲು ರೈಲಿಗೆ ಹೇಳುವ ಮಾತು

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮುಂಬಯಿಯ ಕರಾವಳಿಗರಿಗೆ ಊರಿನ ಗಾಡಿ. ರೋಹಾ ದಾಟಿದ ಮೇಲೆ ಅದು ಓಡುವುದು 1998ರ ಜನವರಿಯಲ್ಲಿ ಪೂರ್ತಿ ತೆರೆದ ಕೊಂಕಣ ರೈಲ್ವೆಯ ಮೇಲೆ. ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ., ಬಹುಪಾಲು ಒಂಟಿ ಹಳಿ. ಎದುರಿನ ಗಾಡಿಯೂ ಅದೇ ಹಳಿಯಲ್ಲಿ ಬರಬೇಕು. ಓಡುವ ರೈಲುಗಳು ತಮ್ಮತಮ್ಮಲ್ಲೇ ಮಾತಾಡಲಿ ಎಂಬ ಯೋಚನೆಗೆ ಸಾಧನದ ರೂಪ ಕೊಟ್ಟದ್ದು ಈ ರೈಲ್ವೆ.

ಅದಕ್ಕೆ ಮೊದಲು ರೈಲುಗಳ ಪರವಾಗಿ ಮಾತಾಡುತ್ತಿದ್ದವರು ಸ್ಟೇಷನ್ ಮಾಸ್ತರರು. ಮುಂದಿನ ನಿಲ್ದಾಣದಿಂದ ಹಳಿ ಖಾಲಿಯೆಂಬ ಉತ್ತರ ಬಂದ ಮೇಲೆಯೇ ಗಾಡಿ ಬಿಡುವುದು. ಒಂಟಿ ಹಳಿಯಲ್ಲಿ ಚಾಲಕನ ಕೈಗೆ ಟೋಕನ್ ಬರಬೇಕು. ಅದಿಲ್ಲದೆ ಗಾಡಿ ಕದಲುವಂತಿಲ್ಲ. ಬಹುಕಾಲ ಬಾಳಿದ ಗಟ್ಟಿ ಕ್ರಮವಿದು. ಆದರೆ ನಿಲ್ದಾಣದಲ್ಲೇ ತಪ್ಪಾದರೆ ಚಾಲಕರಿಗೆ ತಿಳಿಯುವ ದಾರಿಯಿರಲಿಲ್ಲ. 1999ರ ಆಗಸ್ಟ್ 2ರಂದು ಪಶ್ಚಿಮ ಬಂಗಾಳದ ಗೈಸಾಲ್‌ನಲ್ಲಿ ಅವಧ್ ಅಸ್ಸಾಂ ಎಕ್ಸ್‌ಪ್ರೆಸ್ ಮತ್ತು ಬ್ರಹ್ಮಪುತ್ರ ಮೇಲ್ ಒಂದೇ ಹಳಿಯಲ್ಲಿ ಮುಖಾಮುಖಿ ಡಿಕ್ಕಿಯಾಗಿ 285ಕ್ಕೂ ಹೆಚ್ಚು ಜನ ಸತ್ತರು.

ಕೊಂಕಣ ರೈಲ್ವೆಯ ಅಂದಿನ ಮುಖ್ಯಸ್ಥ ಬಿ. ರಾಜಾರಾಂ ರೂಪಿಸಿದ ಡಿಕ್ಕಿ ತಡೆಯುವ ಸಾಧನಕ್ಕೆ 'ರಕ್ಷಾ ಕವಚ' ಎಂದು ಹೆಸರಾಯಿತು. ಎಂಜಿನ್‌ನಲ್ಲಿ ಜಿಪಿಎಸ್, ಜೊತೆಗೆ ರೇಡಿಯೊ. ಸುಮಾರು 3 ಕಿ.ಮೀ. ಒಳಗೆ ಬಂದ ಎರಡು ಎಂಜಿನ್‌ಗಳು ತಮ್ಮ ಜಾಗ, ವೇಗ, ದಿಕ್ಕನ್ನು ಪರಸ್ಪರ ಸಾರುತ್ತವೆ. ಅಪಾಯವೆನಿಸಿದರೆ ಬ್ರೇಕ್ ತಾನಾಗಿ ಬೀಳುತ್ತದೆ. ಯಾವ ಕೇಂದ್ರದ ಅಪ್ಪಣೆಯೂ ಬೇಡ. ಕಾರುಗಳ ನಡುವಿನ ಇಂಥ ಮಾತುಕತೆಗೆಂದೇ 802.11ಪಿ ಎಂಬ ನಿಸ್ತಂತು ನಿಯಮಾವಳಿ ಹೊರಬಂದದ್ದು 2010ರಲ್ಲಿ.

ಮಾತಾಡಿಸುವುದಕ್ಕಿಂತ ಕಷ್ಟವಾದದ್ದು 'ನಾನೆಲ್ಲಿದ್ದೇನೆ' ಎಂಬುದನ್ನು ಸರಿಯಾಗಿ ಹೇಳಿಸುವುದು. ಜೋಡಿ ಹಳಿಗಳ ನಡುವೆ ಸುಮಾರು 5 ಮೀಟರ್ ಅಂತರ. ಸಾಮಾನ್ಯ ಜಿಪಿಎಸ್ ಅಷ್ಟು ದೂರ ತಪ್ಪುವುದು ಹೊಸತೇನಲ್ಲ. ಪಕ್ಕದ ಹಳಿಯಲ್ಲಿ ಹಾದುಹೋಗುವ ಗಾಡಿಯನ್ನು ತನ್ನ ಹಳಿಯಲ್ಲಿದೆ ಎಂದುಕೊಂಡರೆ ಸುಮ್ಮನೆ ಬ್ರೇಕ್. ತನ್ನ ಹಳಿಯದನ್ನು ಪಕ್ಕದ್ದೆಂದುಕೊಂಡರೆ ಇನ್ನೊಂದು ಗೈಸಾಲ್. ಸುರಂಗದೊಳಗಂತೂ ಉಪಗ್ರಹದ ಸಂಕೇತವೇ ಸಿಗದು.

2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೆಂದು ಒಪ್ಪಿತವಾದ 'ಕವಚ' ಹಳೆಯ ಹೆಸರಿನ ಅರ್ಧವನ್ನು ಉಳಿಸಿಕೊಂಡಿದೆ, ಎಂಜಿನ್‌ಗಳ ನೇರ ಮಾತನ್ನೂ ಉಳಿಸಿಕೊಂಡಿದೆ. ಹಳಿ ಯಾವುದೆಂದು ತಿಳಿಯಲು ಮಾತ್ರ ಆಕಾಶವನ್ನು ನೆಚ್ಚಿಲ್ಲ. ಸ್ಲೀಪರ್‌ಗಳಿಗೆ ಆರ್‌ಎಫ್‌ಐಡಿ ಬಿಲ್ಲೆಗಳನ್ನು ಜಡಿದಿದ್ದಾರೆ; ಎಂಜಿನ್ ಮೇಲೆ ಹಾಯುವಾಗ ಅವು ಜಾಗ ಹೇಳುತ್ತವೆ. ಎದುರಿನವನಿಗೆ ಎಚ್ಚರಿಕೆ ಕೊಡುವ ಮೊದಲು ತನ್ನ ಕಾಲ ಕೆಳಗಿನ ನೆಲ ಗೊತ್ತಿರಬೇಕು.