ಕುದುರೆ ಗಾಡಿ ಕಾಲದ ಸಾವಿರ ರೂಪಾಯಿ

ರಸ್ತೆಯಲ್ಲಿ ಅಡ್ಡಾದಿಡ್ಡಿ ಓಡಿಸೋರಿಗೆ ಶಿಕ್ಷೆ ಏನು? ಈ ಕಥೆ 1860ರದ್ದು. ಆಗ ಇಲ್ಲಿ ಕಾರೇ ಇರಲಿಲ್ಲ, ಕುದುರೆ ಗಾಡಿ ಇತ್ತು. ಆ ವರ್ಷದ ಭಾರತೀಯ ದಂಡ ಸಂಹಿತೆಯ 279ನೇ ಸೆಕ್ಷನ್ ಹೇಳಿದ್ದು: 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಲಕ್ಕೆ ಅದು ಭಾರೀ ಮೊತ್ತ.

ರೇಸ್ ಮಾಡೋರಿಗೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಬೇರೆ ಸೆಕ್ಷನ್ ಇದೆ, 189. ಅಲ್ಲಿ 500 ಇದ್ದ ದಂಡ 2019ರ ತಿದ್ದುಪಡಿಯಲ್ಲಿ 5,000 ಆಯ್ತು. ಎರಡನೇ ಸಲ ಸಿಕ್ಕಿಬಿದ್ದರೆ 10,000.

2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೇ 279 ಈಗ 281. ದಂಡ ಮಾತ್ರ ಅದೇ 1,000! ಇವತ್ತು ಬೆಂಗಳೂರಿನಲ್ಲಿ ಅದಕ್ಕೆ 10 ಲೀಟರ್ ಪೆಟ್ರೋಲೂ ಬರಲ್ಲ. ದುಡ್ಡಿನ ಬೆಲೆ ಕರಗಿದೆ, ಜೈಲಿನ 6 ತಿಂಗಳು ಕರಗಿಲ್ಲ.