ಅವಲಂಬನೆಯ ಜೋಡಣೆ: ಓಟದ ಕಾಲದಿಂದ ಸಂಕಲನದ ಕಾಲಕ್ಕೆ

ಗಣಕದ ಕ್ರಮವಿಧಿಯಲ್ಲಿ ಒಂದು ಘಟಕವು ತನಗೆ ಬೇಕಾದ ಇತರ ಘಟಕಗಳನ್ನು ತಾನೇ ನಿರ್ಮಿಸಿಕೊಳ್ಳದೆ ಹೊರಗಿನಿಂದ ಪಡೆಯುವ ಪದ್ಧತಿಗೆ ‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂಬ ಹೆಸರು ಮಾರ್ಟಿನ್ ಫೌಲರ್ ಅವರ 2004ರ ಲೇಖನದಿಂದ ರೂಢಿಗೆ ಬಂದಿತು. ಜಾವಾ ಭಾಷೆಗೆಂದು ಗೂಗಲ್ ಸಂಸ್ಥೆಯು 2007ರಲ್ಲಿ ಹೊರತಂದ ಗೈಸ್, ಈ ಜೋಡಣೆಯನ್ನು ಕ್ರಮವಿಧಿಯು ಓಡತೊಡಗಿದ ಮೇಲೆ ನಡೆಸುವಂತಹುದು. ಬಿಟ್ಟುಹೋದ ಕೊಂಡಿಯೂ ಆಗಲೇ ಬೆಳಕಿಗೆ ಬರುವುದು.

2012ರಲ್ಲಿ ಸ್ಕ್ವೇರ್ ಸಂಸ್ಥೆಯ ಡ್ಯಾಗರ್, ಜೋಡಣೆಯ ಸಂಕೇತವನ್ನು ಸಂಕಲನ, ಅಂದರೆ ಕಂಪೈಲ್, ಆಗುವಾಗಲೇ ಯಂತ್ರದಿಂದ ಬರೆಯಿಸುವ ಮಾರ್ಗವನ್ನು ಹಿಡಿಯಿತು. ಆದರೂ ಒಂದಂಶ ಓಟದ ಕಾಲಕ್ಕೇ ಉಳಿಯಿತು. 2015ರಲ್ಲಿ ಗೂಗಲ್ ರೂಪಿಸಿದ ಎರಡನೆಯ ಡ್ಯಾಗರ್ ಆ ಕೊರತೆಯನ್ನು ನೀಗಿಸಿತು. ಕೊಂಡಿ ತಪ್ಪಿದರೆ ಇಲ್ಲಿ ಸಂಕಲನವೇ ನಿಲ್ಲುತ್ತದೆ. ಹುಟ್ಟಿದ ಸಂಕೇತವು ಸಾಮಾನ್ಯ ಜಾವಾ ಆದುದರಿಂದ ಓದಿ ಪರೀಕ್ಷಿಸಲೂಬಹುದು. ಸಂಕಲನದ ವಿಳಂಬವೇ ಇದಕ್ಕೆ ತೆರಬೇಕಾದ ಬೆಲೆ. ದೋಷವು ಬಳಸುವವನನ್ನು ಮುಟ್ಟುವ ಮುನ್ನ ರಚಿಸಿದವನ ಕಣ್ಣಿಗೆ ಬೀಳಬೇಕೆಂಬ ಹೊಣೆಗಾರಿಕೆಯೇ ಈ ಇತಿಹಾಸದ ತಿರುಳೆಂದು ನಾವು ಭಾವಿಸುತ್ತೇವೆ.