ಮೂಳೆ ಗಟ್ಟಿ, ವಸಡು?

ಹಲ್ಲುಜ್ಜುವಾಗ ಪೇಸ್ಟಿನ ನೊರೆ ಕೆಂಪಾಗುತ್ತಿತ್ತು. ನೋವಿಲ್ಲವಲ್ಲ ಎಂದು ಆರು ತಿಂಗಳು ಸುಮ್ಮನಿದ್ದೆ. ಕೊನೆಗೆ ಇಲ್ಲೇ ಮೈಲಾಪೂರಿನಲ್ಲಿ ಮನೆಯ ಹತ್ತಿರವಿರುವ ದಂತವೈದ್ಯೆಯ ಬಳಿ ಹೋದೆ. ಒಂಬತ್ತು ವರ್ಷದ ಹಿಂದೆ ಬೇರೆಲ್ಲೋ ಹಾಕಿಸಿದ ಇಂಪ್ಲಾಂಟಿನ ಸುತ್ತ ಅವರು ಸಣ್ಣ ಅಳತೆಕಡ್ಡಿ ಇಳಿಸಿ ನೋಡಿದರು. “ಸ್ಕ್ರೂ ಅಲ್ಲಾಡ್ತಿಲ್ಲ ಸಾರ್. ಆದರೆ ವಸಡು ಊದಿದೆ, ಕೆಳಗೂ ಸರಿದಿದೆ” ಎಂದರು. ಹಾಕಿದವರು ‘ಇನ್ನು ಜೀವಮಾನ ಚಿಂತೆಯಿಲ್ಲ’ ಎಂದಿದ್ದರು. ನಾನೂ ನಂಬಿದ್ದೆ.

ವಾಪಸು ಬರುವ ದಾರಿಯಲ್ಲಿ ಕಪಾಲೀಶ್ವರನ ಗುಡಿ. ಅಲ್ಲಿ ಪೂಂಪಾವೈಗೊಂದು ಸನ್ನಿಧಿಯಿದೆ. ಹಾವು ಕಚ್ಚಿ ಸತ್ತ ಅವಳ ಮೂಳೆ, ಬೂದಿಯನ್ನು ತಂದೆ ಕೊಡದಲ್ಲಿ ಇಟ್ಟಿದ್ದನಂತೆ. ಜ್ಞಾನಸಂಬಂಧರು ಹಾಡಿದಾಗ ಮೈತುಂಬಿ ಎದ್ದು ಬಂದಳಂತೆ. ಮೂಳೆಯೊಂದಿದ್ದರೆ ಉಳಿದದ್ದು ತಾನೇ ಬರುತ್ತದೆ! ಇಂಪ್ಲಾಂಟಿನ ಚರಿತ್ರೆಯೂ ಬಹುಕಾಲ ಮೂಳೆಯ ಮೇಲೇ ಕಣ್ಣಿಟ್ಟಿತ್ತು.

ಸ್ವೀಡನ್ನಿನ ಪೆರ್-ಇಂಗ್ವರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತದ ಹರಿವು ನೋಡಲು ಟೈಟೇನಿಯಮ್ಮಿನ ಪುಟ್ಟ ಉಪಕರಣ ಕೂರಿಸಿದ್ದರು. ಆಮೇಲೆ ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಗಾಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ನಾಲ್ಕು ಟೈಟೇನಿಯಂ ಸ್ಕ್ರೂ ಹಾಕಿದರು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು.

ಅದೇ 1965ರಲ್ಲಿ ಪಕ್ಕದ ಡೆನ್ಮಾರ್ಕಿನಿಂದ ಹೆರಾಲ್ಡ್ ಲೋ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗ ಪ್ರಕಟಿಸಿದರು. 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದ್ದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ಇಳಿಯಿತು.

ಈ ಎರಡು ದಾರಿ ಕೂಡಲು ಸುಮಾರು 30 ವರ್ಷ ಹಿಡಿಯಿತು. 1986ರಲ್ಲಿ ಆಲ್ಬ್ರೆಕ್ಟ್‌ಸನ್ ಬಳಗ ಇಂಪ್ಲಾಂಟಿನ ಯಶಸ್ಸಿಗೆ ಅಳತೆ ಹಾಕಿದಾಗ, ಮೊದಲ ವರ್ಷದ ನಂತರ ಮೂಳೆ ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಿಮೆ ಸವೆಯಬೇಕು ಎಂದಿತು. ವಸಡಿಗೆ ಅಂಥ ಅಂಕಿಯಿರಲಿಲ್ಲ. 1991ರಲ್ಲಿ ಗಾಥೆನ್‌ಬರ್ಗ್‌ನವರೇ ನಾಯಿಗಳಲ್ಲಿ ಪರೀಕ್ಷಿಸಿ ತೋರಿಸಿದರು: ನಿಜವಾದ ಹಲ್ಲಿನ ಬೇರಿನೊಳಕ್ಕೆ ವಸಡಿನ ನಾರುಗಳು ನೆಟ್ಟುಕೊಂಡಿರುತ್ತವೆ. ಟೈಟೇನಿಯಮ್ಮಿನೊಳಕ್ಕೆ ಹೋಗಲಾರದೆ ಅವು ಪಕ್ಕದಲ್ಲೇ ಸಮಾನಾಂತರವಾಗಿ ಸಾಗುತ್ತವೆ. ಹೊಲಿದ ಬಟ್ಟೆಗೂ ಸುತ್ತಿಕೊಂಡ ಬಟ್ಟೆಗೂ ಇರುವಷ್ಟು ವ್ಯತ್ಯಾಸ. 1994ರಲ್ಲಿ ಲೋ ಅವರ ಪ್ರಯೋಗವನ್ನೇ ಇಂಪ್ಲಾಂಟ್ ಇದ್ದವರಲ್ಲಿ ನಡೆಸಿದರು. ಮೂರೇ ವಾರ, ವಸಡು ಊದಿತು. ಈ ಹಂತದಲ್ಲಿ ಶುಚಿ ಮಾಡಿದರೆ ಸರಿಹೋಗುತ್ತದೆ. ಬಿಟ್ಟರೆ ಉರಿಯೂತ ಮೂಳೆಗಿಳಿಯುತ್ತದೆ. ಕರಗಿದ ಮೂಳೆ ಸುಲಭಕ್ಕೆ ಮರಳದು. ಇವೆರಡಕ್ಕೂ ಜಾಗತಿಕ ವರ್ಗೀಕರಣದಲ್ಲಿ ಸ್ಥಾನ ಸಿಕ್ಕಿದ್ದು 2017ರ ಸಮಾವೇಶದಲ್ಲಿ.

ನನ್ನ ಎಕ್ಸ್‌ರೇಯಲ್ಲಿ ಸ್ಕ್ರೂವಿನ ಎರಡು ಸುತ್ತು ಮೂಳೆಯಿಂದ ಹೊರಗೆ ಕಾಣುತ್ತಿವೆ. ಸುಮ್ಮನಿದ್ದ ಆರು ತಿಂಗಳೂ ಅದರಲ್ಲಿ ಸೇರಿರಬೇಕು.

ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಅಮ್ಮನಿಗೂ ಎರಡು ಇಂಪ್ಲಾಂಟ್ ಹಾಕಿಸುವ ಮಾತಿದೆ. “ಗಟ್ಟಿಯಾಗಿ ಕೂರತ್ತೇನೋ?” ಎಂದು ಫೋನಿನಲ್ಲಿ ಕೇಳಿದಳು. “ಕೂರತ್ತಮ್ಮ” ಎಂದೆ. ಡಾಕ್ಟರಿಗೆ ನಾನು ಕೇಳಬೇಕಾದ್ದು ಬೇರೆ: ಗಂಟುಕಟ್ಟಿದ ಆ ಬೆರಳುಗಳಲ್ಲಿ ಅವಳು ದಿನಾ ಅದರ ಸುತ್ತ ಬ್ರಷ್ ಆಡಿಸಬಲ್ಲಳೇ? ಆಗದಿದ್ದರೆ, ನಾನಿಲ್ಲಿರುವಾಗ, ಅಲ್ಲಿ ಅದನ್ನು ನೋಡಿಕೊಳ್ಳುವವರು ಯಾರು?